‘ಕಾಮ್ ಡೌನ್’ ಎಂಬ ಮಾತನ್ನು ನಾನು ಕಲಿಸುವ ಬಗೆ

ಬೆಂಗಳೂರಿನ ಕಾಲ್ ಸೆಂಟರ್‌ಗಳಿಗೆ ಸೇರುವ, ಕನ್ನಡ ಮಾಧ್ಯಮದಲ್ಲಿ ಓದಿದ ಯುವಕ ಯುವತಿಯರಿಗೆ ಮಾತಿನ ಇಂಗ್ಲಿಷ್ ಕಲಿಸುವುದು ನನ್ನ ವೃತ್ತಿ. ಸಿಟ್ಟು, ಗಾಬರಿ ಅಥವಾ ಅತಿಯಾದ ಉದ್ವೇಗ ಇಳಿದು ಮನಸ್ಸು ತಹಬಂದಿಗೆ ಬರುವುದನ್ನು ‘ಕಾಮ್ ಡೌನ್’ ಎನ್ನುತ್ತಾರೆಂದು ಅವರಲ್ಲಿ ಬಹುತೇಕರಿಗೆ ಗೊತ್ತಿರುತ್ತದೆ. ಅದನ್ನು ಯಾರಿಗೆ, ಯಾವಾಗ ಹೇಳಬಾರದು ಎಂಬುದನ್ನು ಕಲಿಸುವುದಕ್ಕೇ ನಾನು ಹೆಚ್ಚು ಸಮಯ ಕೊಡುತ್ತೇನೆ.

ವ್ಯಾಕರಣವನ್ನು ಬೇಗ ಮುಗಿಸುತ್ತೇನೆ. ತಾನಾಗಿ ಶಾಂತನಾದರೆ ‘ಹಿ ಕಾಮ್ಡ್ ಡೌನ್’, ಇನ್ನೊಬ್ಬರು ಸಮಾಧಾನಪಡಿಸಿದರೆ ‘ಐ ಕಾಮ್ಡ್ ಹಿಮ್ ಡೌನ್’. ಸರ್ವನಾಮ ನಡುವೆಯೇ ಬರಬೇಕು. ‘ಕಾಮ್ ಡೌನ್ ಹಿಮ್’ ಎನ್ನುವಂತಿಲ್ಲ. ‘ಕಾಮ್’ ಪದದ ಕಾಗುಣಿತದಲ್ಲಿ (calm) ಇರುವ ‘ಎಲ್’ ಬ್ರಿಟಿಷ್ ಉಚ್ಚಾರಣೆಯಲ್ಲಿ ಕೇಳಿಸುವುದಿಲ್ಲ, ಕೆಲವು ಅಮೆರಿಕನ್ನರ ಬಾಯಲ್ಲಿ ಕೇಳಿಸುತ್ತದೆ.

ಆಮೇಲೆ ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತೇನೆ. ರೀಫಂಡ್ ಬಾರದೆ ಕೆರಳಿದ ಗ್ರಾಹಕನ ಪಾತ್ರ ಒಬ್ಬರದು. ಇನ್ನೊಬ್ಬರು ‘ಪ್ಲೀಸ್ ಕಾಮ್ ಡೌನ್, ಸರ್’ ಎನ್ನಬೇಕು. ನಟನೆಯೆಂದು ತಿಳಿದಿದ್ದರೂ ಗ್ರಾಹಕನ ದನಿ ಏರುತ್ತದೆ. ಏಕೆಂದು ಕೇಳಿದಾಗ ಒಬ್ಬ ಹುಡುಗ, “ನನ್ನ ದುಡ್ಡಿನ ವಿಷಯ ಬಿಟ್ಟು ನನ್ನ ಸಿಟ್ಟೇ ತಪ್ಪು ಅಂದ ಹಾಗಾಯ್ತು ಮೇಡಂ” ಎಂದ. ನಾನು ಹೇಳಬೇಕಾದದ್ದನ್ನು ಅವನೇ ಹೇಳಿಬಿಟ್ಟಿದ್ದ. ‘ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ ಸಾರ್’ ಎಂಬಲ್ಲಿರುವ ಕಳಕಳಿ ತಮ್ಮ ಇಂಗ್ಲಿಷಿನಲ್ಲೂ ಇದೆಯೆಂದು ನಮ್ಮ ಮಕ್ಕಳು ನಂಬಿರುತ್ತಾರೆ. ಕೇಳುವವರಿಗೆ ಅದು ಅಪ್ಪಣೆಯಾಗಿ ಕೇಳಿಸುತ್ತದೆ, ‘ಪ್ಲೀಸ್’ ಸೇರಿಸಿದರೂ ಬಿಸಿ ತಗ್ಗುವುದಿಲ್ಲ.

ಅದರ ಬದಲು ‘ಐ ಅಂಡರ್‌ಸ್ಟ್ಯಾಂಡ್ ವೈ ಯು ಆರ್ ಅಪ್‌ಸೆಟ್, ಲೆಟ್ ಮಿ ಚೆಕ್ ದಿಸ್ ಫಾರ್ ಯು’ ಎಂದು ಅಭ್ಯಾಸ ಮಾಡಿಸುತ್ತೇನೆ. ಕರೆ ಮಾಡಿದವರು ಅಳುತ್ತಿದ್ದರೆ ‘ಟೇಕ್ ಯುವರ್ ಟೈಮ್’ ಎಂದು ಹೇಳಿ ಸುಮ್ಮನಿರುವುದು ಎಲ್ಲಕ್ಕಿಂತ ಒಳ್ಳೆಯದು. ‘ಪುಲ್ ಯುವರ್‌ಸೆಲ್ಫ್ ಟುಗೆದರ್’, ಅಂದರೆ ‘ನಿನ್ನನ್ನು ನೀನು ಸಂಭಾಳಿಸಿಕೋ’ ಎಂಬುದರಲ್ಲಿ ಗದರಿಕೆಯಿದೆ. ಆಪ್ತರ ನಡುವೆ ನಡೆದೀತು, ಗ್ರಾಹಕರೊಡನೆ ಖಂಡಿತ ಕೂಡದು. ‘ಸೆಟಲ್ ಡೌನ್’ ಎಂಬುದು ಗಲಾಟೆ ಮಾಡುವ ತರಗತಿಗೆ ಮೇಷ್ಟ್ರು ಹೇಳುವ ಮಾತು, ಮದುವೆಯಾಗಿ ನೆಲೆನಿಲ್ಲುವುದಕ್ಕೂ ಅದೇ ಪದ.

ಹಾಗೆಂದು ‘ಕಾಮ್ ಡೌನ್’ ಅನ್ನು ಪೂರ್ತಿ ಕೈಬಿಡಿಸುವುದಿಲ್ಲ. ನಮ್ಮ ಬಗ್ಗೆ ನಾವೇ ‘ಐ ನೀಡ್ ಎ ಮಿನಿಟ್ ಟು ಕಾಮ್ ಡೌನ್’ ಎನ್ನುವುದು ಸಭ್ಯ ಮಾತೇ. ಕರೆ ಮುಗಿದ ಮೇಲೆ ಬರೆಯುವ ಟಿಪ್ಪಣಿಯಲ್ಲಿ ‘ಕಾಲರ್ ಕಾಮ್ಡ್ ಡೌನ್ ಆಫ್ಟರ್ ಐ ಕನ್ಫರ್ಮ್ಡ್ ದ ರೀಫಂಡ್ ಡೇಟ್’ ಎಂದು ಬರೆದರೆ, ಮುಂದಿನ ಪಾಳಿಯವರಿಗೆ ಆ ಗ್ರಾಹಕರ ಸಿಟ್ಟು ಯಾವುದರಿಂದ ಇಳಿಯಿತೆಂಬುದೂ ತಿಳಿಯುತ್ತದೆ.