ನಿಮ್ಮದೇ ಒಂದು ಕಮಾಂಡ್ ಮಾಡಿಕೊಳ್ಳುವುದು ಹೇಗೆ?

ಪೈಥಾನ್ ಅಲ್ಪಸ್ವಲ್ಪ ಬರುವವರ ಹತ್ತಿರ ಇಂಥದ್ದೊಂದು ಸ್ಕ್ರಿಪ್ಟ್ ಇದ್ದೇ ಇರುತ್ತದೆ. ಕೆಲಸ ಚೆನ್ನಾಗಿಯೇ ಮಾಡುತ್ತದೆ, ಆದರೆ ಬೇರೆ ಫೋಲ್ಡರಿನ ಮೇಲೆ ಓಡಿಸಬೇಕೆಂದರೆ ಪ್ರತಿ ಸಲ ಫೈಲ್ ತೆರೆದು, ಮೇಲಿನ ಒಂದು ಸಾಲು ತಿದ್ದಿ, ಸೇವ್ ಮಾಡಿ, ಆಮೇಲೆ ರನ್ ಮಾಡಬೇಕು. ನೀವೊಬ್ಬರೇ ಬಳಸುವಾಗ ಹೇಗೋ ನಡೆಯುತ್ತದೆ. ಇನ್ನೊಬ್ಬರ ಕೈಗೆ ಕೊಟ್ಟರೆ ಕಷ್ಟ. ಅದನ್ನೇ ಟರ್ಮಿನಲ್‌ನಲ್ಲಿ ಹೆಸರು ಹೇಳಿ ಓಡಿಸುವ ಸರಿಯಾದ ಕಮಾಂಡ್ ಮಾಡುವುದು ಅಂಥ ದೊಡ್ಡ ಕೆಲಸವೇನಲ್ಲ.

ಉದಾಹರಣೆಗೆ ಒಂದು ಪುಟ್ಟ ಪ್ರೋಗ್ರಾಂ ಇಟ್ಟುಕೊಳ್ಳೋಣ. ಒಂದು ಫೋಲ್ಡರಿನಲ್ಲಿರುವ ಫೋಟೋಗಳ ಹೆಸರನ್ನೆಲ್ಲ ಅವುಗಳ ದಿನಾಂಕ ಮತ್ತು ಸಮಯಕ್ಕೆ ಬದಲಿಸುವುದು, ಅಷ್ಟೇ. ಹೆಸರು ಫೋಟೋನೇಮ್ ಅಂತಿರಲಿ. ಕೋಡನ್ನು ಇಲ್ಲಿ ಮಾತಿನಲ್ಲೇ ಹೇಳುತ್ತೇನೆ, ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಕೋಡ್ ಬೇಡ

ಖಾಲಿ ಫೈಲೊಂದರಲ್ಲಿ, ಈ ಕಮಾಂಡನ್ನು ಬಳಸುವವರು ಏನೇನು ಟೈಪ್ ಮಾಡಬೇಕು ಅನ್ನೋದನ್ನು ಬರೆಯಿರಿ. ಫೋಟೋನೇಮ್, ಆಮೇಲೆ ಫೋಲ್ಡರಿನ ಹೆಸರು. ಹೆಸರಿನ ಮುಂದೆ ಏನಾದರೂ ಸೇರಿಸಬೇಕಿದ್ದರೆ ಪ್ರಿಫಿಕ್ಸ್. ಏನೂ ಬದಲಿಸದೆ ಸುಮ್ನೆ ತೋರಿಸು ಅನ್ನಲು ಡ್ರೈ-ರನ್.

ಇದರಲ್ಲಿ ಯಾವುದಿಲ್ಲದೆ ಕೆಲಸವೇ ಶುರುವಾಗುವುದಿಲ್ಲವೋ ಅದು ಆರ್ಗ್ಯುಮೆಂಟ್. ಇಲ್ಲಿ ಫೋಲ್ಡರ್. ಇದ್ದರೂ ಸರಿ ಇಲ್ಲದಿದ್ದರೂ ಸರಿ ಅನ್ನುವಂಥವು ಆಪ್ಷನ್‌ಗಳು. ಅವುಗಳ ಉದ್ದ ಹೆಸರಿಗೆ ಎರಡು ಹೈಫನ್, ಒಂದೇ ಅಕ್ಷರದ ಗಿಡ್ಡ ಹೆಸರಿಗೆ ಒಂದು ಹೈಫನ್. ಯೂನಿಕ್ಸ್ ಮತ್ತು ಗ್ನೂ ಪ್ರೋಗ್ರಾಂಗಳಿಂದ ಬಂದ ಈ ರೂಢಿಯನ್ನು ಮುರಿಯಬೇಡಿ, ಜನರ ಬೆರಳಿಗೆ ಅಭ್ಯಾಸ ಆಗಿಹೋಗಿದೆ. ಕಡ್ಡಾಯವಾದ ಆಪ್ಷನ್ ಒಂದನ್ನು ನೀವು ಬರೆದುಕೊಂಡಿದ್ದರೆ, ಅದು ಬಹುಶಃ ಆರ್ಗ್ಯುಮೆಂಟ್ ಆಗಬೇಕಿತ್ತು.

ಯಾವ ಲೈಬ್ರರಿ?

ಬಳಕೆದಾರರು ಟೈಪ್ ಮಾಡಿದ್ದೆಲ್ಲ ಸಿಸ್ ಮಾಡ್ಯೂಲಿನ ಆರ್ಗ್‌ವಿ ಎಂಬ ಪಟ್ಟಿಯಲ್ಲಿ ಬಂದು ಕೂತಿರುತ್ತದೆ. ಒಂದೇ ಪದ ಓದಬೇಕಾದರೆ ಅಷ್ಟೇ ಸಾಕು. ಆಪ್ಷನ್‌ಗಳು ಬಂದ ಮೇಲೆ ಯಾವುದು ಮೊದಲು, ಯಾವುದಕ್ಕೆ ಬೆಲೆ (ವ್ಯಾಲ್ಯೂ) ಇದೆ, ಯಾವುದು ತಪ್ಪು ಅಂತ ನೀವೇ ನೋಡುತ್ತಾ ಹೋದರೆ ಅಸಲಿ ಕೆಲಸಕ್ಕಿಂತ ಈ ಕೋಡೇ ಜಾಸ್ತಿಯಾಗುತ್ತದೆ.

ಪೈಥಾನ್ ಜೊತೆಗೇ ಬರುವುದು ಆರ್ಗ್‌ಪಾರ್ಸ್. ಪೈಥಾನ್ 2.7 ಮತ್ತು 3.2ರಿಂದ ಅದು ಒಳಗೇ ಇದೆ. ಕ್ಲಿಕ್ ಅನ್ನುವುದು 2014ರಲ್ಲಿ ಬಂದ ಲೈಬ್ರರಿ, ಫ್ಲಾಸ್ಕ್ ಎಂಬ ವೆಬ್ ಫ್ರೇಮ್‌ವರ್ಕ್ ಬರೆದ ಆರ್ಮಿನ್ ರೊನಾಖರ್ ಅವರದ್ದೇ. ಕೋಡಿನಲ್ಲಿ ಬರೆದ ಟೈಪ್ ಹಿಂಟ್ (ಇದು ಸಂಖ್ಯೆ, ಇದು ಪಠ್ಯ ಎಂಬ ಸೂಚನೆ) ನೋಡಿಯೇ ಎಲ್ಲವನ್ನೂ ಊಹಿಸಿಕೊಳ್ಳುವ ಟೈಪರ್ ಕೂಡ ಕ್ಲಿಕ್ ಮೇಲೇ ಬೆಳೆದದ್ದು. ಬೇರೇನೂ ಇನ್‌ಸ್ಟಾಲ್ ಮಾಡುವಂತಿಲ್ಲ ಅನ್ನುವ ಕಡೆ ಆರ್ಗ್‌ಪಾರ್ಸ್ ಬಳಸಿ. ಉಳಿದಂತೆ ನನ್ನ ಮತ ಕ್ಲಿಕ್‌ಗೆ, ಯಾಕೆಂದರೆ ಕೋಡ್ ಓದಿದರೆ ಕಮಾಂಡ್ ಹೇಗಿರುತ್ತದೆ ಅಂತ ಕಣ್ಣಿಗೆ ಕಾಣುತ್ತದೆ.

ಫಂಕ್ಷನ್ ಒಂದು, ತಲೆಯ ಮೇಲೆ ಡೆಕೊರೇಟರ್‌ಗಳು

ಮೊದಲು ವರ್ಚುವಲ್ ಎನ್ವಿರಾನ್ಮೆಂಟ್ (ಈ ಪ್ರಾಜೆಕ್ಟಿನ ಲೈಬ್ರರಿಗಳಿಗೇ ಒಂದು ಪ್ರತ್ಯೇಕ ಜಾಗ) ಮಾಡಿಕೊಳ್ಳಿ, ಲೈಬ್ರರಿ ಇನ್‌ಸ್ಟಾಲ್ ಮಾಡುವ ಪಿಪ್‌ನಿಂದ ಕ್ಲಿಕ್ ಹಾಕಿಕೊಳ್ಳಿ. ಮೇನ್ ಎಂಬ ಮಾಮೂಲಿ ಫಂಕ್ಷನ್ ಬರೆದು ಅದರ ಮೇಲೆ ಸಾಲಾಗಿ ಡೆಕೊರೇಟರ್, ಅಂದರೆ @ ಚಿಹ್ನೆಯಿಂದ ಶುರುವಾಗುವ ಸಾಲುಗಳನ್ನು, ಹಚ್ಚಿ. ಎಲ್ಲಕ್ಕಿಂತ ಮೇಲೆ ಕ್ಲಿಕ್ ಡಾಟ್ ಕಮಾಂಡ್, ಕೆಳಗೆ ಫೋಲ್ಡರಿಗೆ ಒಂದು ಆರ್ಗ್ಯುಮೆಂಟ್, ಪ್ರಿಫಿಕ್ಸ್‌ಗೊಂದು ಆಪ್ಷನ್, ಡ್ರೈ-ರನ್‌ಗೊಂದು ಆಪ್ಷನ್. ಡ್ರೈ-ರನ್‌ಗೆ ಬೆಲೆ ಬೇಡ, ಇದೆಯೋ ಇಲ್ಲವೋ ಅಷ್ಟೇ ಬೇಕು, ಹಾಗಾಗಿ ಈಸ್ ಫ್ಲ್ಯಾಗ್ ಎಂಬುದನ್ನು ಟ್ರೂ ಮಾಡಿ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಡೆಕೊರೇಟರಿನಲ್ಲಿ ಕೊಟ್ಟ ಹೆಸರುಗಳೇ ಫಂಕ್ಷನ್ನಿಗೆ ಪ್ಯಾರಾಮೀಟರ್ ಆಗಿ ಬರುತ್ತವೆ. ಹೈಫನ್ ಇದ್ದಲ್ಲಿ ಅಂಡರ್‌ಸ್ಕೋರ್ ಆಗುತ್ತದೆ. ಫಂಕ್ಷನ್ನಿನಲ್ಲಿ ಆ ಹೆಸರು ಬರೆಯಲು ಮರೆತರೆ ಪೈಥಾನ್ ಟೈಪ್‌ಎರರ್ ಅಂತ ಬೈಯುತ್ತದೆ. ಹಾಗೆ ಬಂದರೆ ಲೈಬ್ರರಿಯಲ್ಲಿ ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ, ಎರಡೂ ಕಡೆಯ ಹೆಸರು ಪಕ್ಕಪಕ್ಕ ಇಟ್ಟು ನೋಡಿ.

ಫೋಲ್ಡರ್ ಆರ್ಗ್ಯುಮೆಂಟಿನ ಟೈಪ್ ಆಗಿ ಕ್ಲಿಕ್ ಡಾಟ್ ಪಾತ್ ಕೊಡಿ. ಅದು ಇರಲೇಬೇಕು, ಫೈಲ್ ಆಗಿರಬಾರದು ಅಂತ ಅಲ್ಲೇ ಹೇಳಬಹುದು. ಆಗ ಯಾರಾದರೂ ಇಲ್ಲದ ಫೋಲ್ಡರಿನ ಹೆಸರು ಕೊಟ್ಟರೆ ನಿಮ್ಮ ಫಂಕ್ಷನ್ ಓಡುವುದೇ ಇಲ್ಲ. ಕ್ಲಿಕ್ ತಾನೇ ಒಂದು ಸಾಲಿನಲ್ಲಿ ತಪ್ಪು ಏನೆಂದು ಹೇಳಿ ಹೊರಗೆ ಕಳಿಸುತ್ತದೆ. ಇಪ್ಪತ್ತು ಸಾಲಿನ ಟ್ರೇಸ್‌ಬ್ಯಾಕ್ ನೋಡಿ ಯಾರೂ ಗಾಬರಿಯಾಗಬೇಕಿಲ್ಲ.

ಈಗ ಹೆಲ್ಪ್ ಆಪ್ಷನ್ ಕೊಟ್ಟು ಓಡಿಸಿ. ಫಂಕ್ಷನ್ನಿನ ಡಾಕ್‌ಸ್ಟ್ರಿಂಗೇ (ಫಂಕ್ಷನ್ನಿನ ಶುರುವಿನಲ್ಲಿ ಬರೆಯುವ ವಿವರಣೆ) ಅಲ್ಲಿ ವಿವರಣೆಯಾಗಿ ಕಾಣುತ್ತದೆ. ಪ್ರತಿ ಆಪ್ಷನ್ನಿಗೂ ಹೆಲ್ಪ್ ಸಾಲು ಬರೆಯಿರಿ, ಸೋಮಾರಿತನ ಬೇಡ. ಆರು ತಿಂಗಳಾದ ಮೇಲೆ ಅದನ್ನು ಓದುವವರು ನೀವೇ ಆಗಿರುತ್ತೀರಿ. ಕ್ಲಿಕ್ ತಾನಾಗಿ ಕೊಡುವುದು ಹೆಲ್ಪ್‌ನ ಉದ್ದ ಹೆಸರು ಮಾತ್ರ. ಒಂದೇ ಅಕ್ಷರದ ಎಚ್ ಬೇಕಿದ್ದರೆ ಕಾಂಟೆಕ್ಸ್ಟ್ ಸೆಟ್ಟಿಂಗ್ಸ್‌ನಲ್ಲಿ ಸೇರಿಸಬೇಕು.

ಅಪಾಯದ ಕೆಲಸ

ಫೈಲುಗಳ ಹೆಸರು ಬದಲಿಸುವ ಕೆಲಸವನ್ನು ಎರಡು ಫಂಕ್ಷನ್‌ಗಳಿಗೆ ಹಂಚಿ. ಒಂದು ಬರೀ ಪಟ್ಟಿ ಮಾಡಲಿ, ಹಳೆ ಹೆಸರು ಇದು, ಹೊಸ ಹೆಸರು ಇದು ಅಂತ. ಇನ್ನೊಂದು ಆ ಪಟ್ಟಿ ಹಿಡಿದು ಬದಲಿಸಲಿ. ಡ್ರೈ-ರನ್ ಇದ್ದರೆ ಪಟ್ಟಿ ತೋರಿಸಿ ನಿಲ್ಲಿಸಿದರಾಯಿತು. ಈ ಎರಡೂ ಫಂಕ್ಷನ್‌ಗಳಲ್ಲಿ ಕ್ಲಿಕ್‌ನ ಸುಳಿವೇ ಇರಬಾರದು.

ಪಟ್ಟಿ ಬೇರೆ ಮಾಡುವುದಕ್ಕೆ ಇನ್ನೊಂದು ಕಾರಣವಿದೆ. ಒಂದೇ ಸೆಕೆಂಡಿನಲ್ಲಿ ತೆಗೆದ ಎರಡು ಫೋಟೋಗಳಿಗೆ ಒಂದೇ ಹೊಸ ಹೆಸರು ಸಿಗುತ್ತದೆ, ಅಲ್ವಾ? ಪೈಥಾನ್ ಜೊತೆಗೇ ಬರುವ ಪಾತ್‌ಲಿಬ್‌ನ ರೀನೇಮ್ ಆಗ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಒಂದು ಮಾತೂ ಆಡದೆ ಮೊದಲಿನ ಫೈಲನ್ನು ಅಳಿಸಿ ಅದರ ಜಾಗದಲ್ಲಿ ಎರಡನೆಯದನ್ನು ಕೂರಿಸುತ್ತದೆ. ವಿಂಡೋಸ್‌ನಲ್ಲಾದರೆ ಎರರ್ ಬರುತ್ತದೆ, ಫೋಟೋ ಉಳಿಯುತ್ತದೆ. ಅಂದರೆ ವಿಂಡೋಸ್‌ನಲ್ಲಿ ಪರೀಕ್ಷೆ ಮಾಡಿ ನೆಮ್ಮದಿಯಾಗಿ ಇರುವಂತಿಲ್ಲ. ಪಟ್ಟಿ ಮಾಡುವಾಗಲೇ ಹೆಸರು ಎರಡು ಸಲ ಬಂದಿದೆಯೇ, ಆ ಹೆಸರಿನ ಫೈಲ್ ಮೊದಲೇ ಇದೆಯೇ ಎಂದು ನೋಡಿ ಕೊನೆಗೊಂದು ಸಂಖ್ಯೆ ಸೇರಿಸಿ. ಇನ್ನೊಂದು ಮಾತು, ಫೈಲಿನ ಮಾರ್ಪಾಡು ಸಮಯವನ್ನು ಪೂರ್ತಿ ನಂಬಬೇಡಿ, ಕಾಪಿ ಮಾಡಿದಾಗ ಅದು ಬದಲಾಗಿರಬಹುದು. ಫೋಟೋದ ಒಳಗೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯನ್ನು ಪಿಲ್ಲೋ ಲೈಬ್ರರಿಯಿಂದ ಓದಿಕೊಳ್ಳುವುದು ವಾಸಿ.

ಬದಲಿಸುವ ಮುನ್ನ ಕ್ಲಿಕ್ ಡಾಟ್ ಕನ್ಫರ್ಮ್‌ನಿಂದ ಒಮ್ಮೆ ಕೇಳಿ. ಜೊತೆಗೆ, ಕೇಳಬೇಡ ಅನ್ನುವ ಯೆಸ್ (yes) ಎಂಬ ಫ್ಲ್ಯಾಗ್ ಕೂಡ ಇಡಿ. ನಿಗದಿತ ಹೊತ್ತಿಗೆ ಕಮಾಂಡ್‌ಗಳನ್ನು ತಾನೇ ಓಡಿಸುವ ಕ್ರಾನ್‌ನಲ್ಲಿ ಓಡುವಾಗ ಉತ್ತರ ಕೊಡಲು ಅಲ್ಲಿ ಯಾರೂ ಇರುವುದಿಲ್ಲ, ಕಮಾಂಡ್ ಅಲ್ಲೇ ಕೈಬಿಟ್ಟು ಹೊರಬರುತ್ತದೆ.

ಔಟ್‌ಪುಟ್ ಎಲ್ಲಿಗೆ?

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಫಲಿತಾಂಶ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗಬೇಕು. ಎಚ್ಚರಿಕೆ, ಎರರ್, ಕೆಲಸ ನಡೀತಿದೆ ಅನ್ನುವ ಮಾತುಗಳೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ. ಎರಡೂ ಬೆರೆತರೆ ನಿಮ್ಮ ಔಟ್‌ಪುಟ್ಟನ್ನು ಪೈಪ್ ಮಾಡಿ ಇನ್ನೊಂದು ಕಮಾಂಡಿಗೆ ಕೊಡುವವರು ಅದರಲ್ಲಿ ಕಸ ಹೆಕ್ಕಬೇಕಾಗುತ್ತದೆ. ಪ್ರಿಂಟ್ ಬದಲು ಕ್ಲಿಕ್ ಡಾಟ್ ಎಕೋ ಬಳಸಿ, ಎರರ್ ಆದರೆ ಅದರಲ್ಲೇ ಇಆರ್‌ಆರ್ ಅನ್ನು ಟ್ರೂ ಮಾಡಿ. ಔಟ್‌ಪುಟ್ ಫೈಲಿಗೆ ಹೋಗುತ್ತಿದ್ದರೆ ಎಕೋ ಬಣ್ಣದ ಕೋಡುಗಳನ್ನು ತಾನೇ ತೆಗೆದುಹಾಕುತ್ತದೆ.

ಕಮಾಂಡ್ ಮುಗಿದಾಗ ಹಿಂದಿರುಗಿಸುವ ಸಂಖ್ಯೆ, ಅಂದರೆ ಎಕ್ಸಿಟ್ ಕೋಡ್ ಕೂಡ ಹಾಗೆಯೇ. 0 ಅಂದರೆ ಕೆಲಸ ಆಯಿತು, ಬೇರೆ ಏನಿದ್ದರೂ ಆಗಲಿಲ್ಲ. ತಪ್ಪಾಗಿ ಟೈಪ್ ಮಾಡಿದವರಿಗೆ ಕ್ಲಿಕ್ 2 ಕೊಡುತ್ತದೆ. ನಿಮ್ಮ ಕೆಲಸವೇ ಕೆಟ್ಟರೆ ಕ್ಲಿಕ್‌ಎಕ್ಸೆಪ್ಷನ್ ಎಬ್ಬಿಸಿ, ಕೋಡ್ 1 ಆಗುತ್ತದೆ.

ಪಾಸ್‌ವರ್ಡ್ ಬೇಕಾಗುವ ಕಮಾಂಡ್ ಬರೆಯುವ ದಿನ ಬಂದರೆ, ಅದನ್ನು ಆಪ್ಷನ್ನಿನ ಬೆಲೆಯಾಗಿ ಟೈಪ್ ಮಾಡಿಸಬೇಡಿ. ಶೆಲ್‌ನ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ. ಅಕ್ಷರ ಕಾಣದ ಹಾಗೆ ಪ್ರಾಂಪ್ಟ್‌ನಲ್ಲಿ ಕೇಳಿ.

ಹೆಸರಿನಿಂದ ಓಡಿಸಲು

ಪ್ರಾಜೆಕ್ಟಿನ ವಿವರ ಬರೆದಿಡುವ ಪೈಪ್ರಾಜೆಕ್ಟ್ ಡಾಟ್ ಟಾಮ್ಲ್ (pyproject.toml) ಫೈಲಿನಲ್ಲಿ ಪ್ರಾಜೆಕ್ಟ್ ಡಾಟ್ ಸ್ಕ್ರಿಪ್ಟ್ಸ್ ಎಂಬ ಭಾಗ ಮಾಡಿ, ಫೋಟೋನೇಮ್‌ಗೆ ಸಮ ಅಂತ ಹಾಕಿ ಮಾಡ್ಯೂಲಿನ ಹೆಸರು, ಕೋಲನ್, ಫಂಕ್ಷನ್ನಿನ ಹೆಸರು ಬರೆಯಿರಿ. ಪಿಪ್‌ನ ಎಡಿಟಬಲ್ ಆಪ್ಷನ್ ಕೊಟ್ಟು ಇನ್‌ಸ್ಟಾಲ್ ಮಾಡಿದರೆ ಕೋಡ್ ತಿದ್ದಿದ ಕೂಡಲೇ ಕಮಾಂಡ್ ಕೂಡ ಬದಲಾಗುತ್ತದೆ. ಬೇರೆಯವರಿಗೆ ಕೊಡುವಾಗ ಪಿಪ್‌ಎಕ್ಸ್‌ನಿಂದ ಹಾಕಿಕೊಳ್ಳಲು ಹೇಳಿ, ಪ್ರತಿ ಕಮಾಂಡಿಗೂ ಅದು ಪ್ರತ್ಯೇಕ ಎನ್ವಿರಾನ್ಮೆಂಟ್ ಮಾಡುವುದರಿಂದ ಒಂದರ ಲೈಬ್ರರಿ ಇನ್ನೊಂದಕ್ಕೆ ತಗಲುವುದಿಲ್ಲ.

ಟೆಸ್ಟ್ ಬರೆಯಲು ಕ್ಲಿಕ್‌ನಲ್ಲೇ ಸಿಎಲ್‌ಐರನ್ನರ್ ಇದೆ. ಟರ್ಮಿನಲ್ ತೆರೆಯದೆ ಕಮಾಂಡ್ ಓಡಿಸಿ ಔಟ್‌ಪುಟ್ಟನ್ನೂ ಎಕ್ಸಿಟ್ ಕೋಡನ್ನೂ ನಿಮ್ಮ ಕೈಗೆ ಕೊಡುತ್ತದೆ. ಅದರ ಐಸೊಲೇಟೆಡ್ ಫೈಲ್‌ಸಿಸ್ಟಮ್ ಒಳಗೆ ಓಡಿಸಿದರೆ ಎಲ್ಲವೂ ತಾತ್ಕಾಲಿಕ ಫೋಲ್ಡರಿನಲ್ಲಿ ನಡೆಯುತ್ತದೆ. ಅಲ್ಲಿ ಒಂದೇ ಸಮಯದ ಎರಡು ಫೈಲ್ ಮಾಡಿಟ್ಟು, ಕಮಾಂಡ್ ಓಡಿಸಿ, ಕೊನೆಗೂ ಎರಡು ಫೈಲ್ ಇವೆಯೇ ಎಂದು ಎಣಿಸುವ ಟೆಸ್ಟನ್ನೇ ಮೊದಲು ಬರೆಯಿರಿ.