ಸೆಕೆಂಡುಗಳನ್ನು ತಾಸಿನಲ್ಲಿ ಹೇಳಿಸಿದ್ದು

ಕಲಬುರಗಿಯ ಒಂದು ದಾಲ್‌ಮಿಲ್ಲಿನ ಲೆಕ್ಕಪತ್ರವನ್ನು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ನೋಡಿಕೊಳ್ಳುವ ಕೆಲಸ ನನ್ನದು. ಎಣ್ಣೆ ಹಚ್ಚಿದ ತೊಗರಿ ಎಷ್ಟು ಹೊತ್ತು ರಾಶಿಯಲ್ಲಿತ್ತು, ಎಷ್ಟು ಹೊತ್ತು ಬಿಸಿಲಿನಲ್ಲಿತ್ತು, ಚೀಲಗಳು ಗೋದಾಮಿನಲ್ಲಿ ಎಷ್ಟು ದಿನ ಉಳಿದವು ಎಂಬ ವರದಿಯನ್ನು ಮೇಸ್ತ್ರಿಗಳು ದಿನವೂ ಓದುತ್ತಾರೆ. ಎರಡು ವೇಳೆಗಳ ಅಂತರವನ್ನು ಟೈಮ್‌ಸ್ಟ್ಯಾಂಪ್‌ಡಿಫ್ ಎಂಬ ಫಂಕ್ಷನ್ ಸೆಕೆಂಡುಗಳಲ್ಲಿ ಕೊಡುತ್ತದೆ. ಆದರೆ 9000 ಎಂಬ ಅಂಕಿಯನ್ನು ಕಂಡು ಎರಡೂವರೆ ತಾಸು ಎಂದು ಅವರೇ ಲೆಕ್ಕ ಹಾಕಿಕೊಳ್ಳಲಿ ಎನ್ನುವುದು ನನಗೆ ಸರಿಕಾಣಲಿಲ್ಲ.

ಮೊದಲು, ಸೆಕೆಂಡುಗಳನ್ನು ತಾಸು:ನಿಮಿಷ:ಸೆಕೆಂಡು ರೂಪಕ್ಕೆ ತರುವ ಸೆಕ್-ಟು-ಟೈಮ್ ಬಳಸಿದೆ. ಗೋದಾಮಿನಲ್ಲಿ 40 ದಿನ ಇದ್ದ ಮಾಲಿಗೂ 60 ದಿನ ಇದ್ದ ಮಾಲಿಗೂ ಅದು 838:59:59 ಎಂದೇ ತೋರಿಸಿತು. ಅದರ ಫಲವನ್ನು ಹಿಡಿದಿಡುವ ಟೈಮ್ ಎಂಬ ದತ್ತಾಂಶ ಮಾದರಿಯ ಮೇಲ್ಮಿತಿಯೇ ಅಷ್ಟು, 35 ದಿನಕ್ಕೆ ಸುಮಾರು ಒಂದು ತಾಸು ಕಡಿಮೆ. ಹೀಗಾಗಿ 86400ರಿಂದ ದಿನ, 3600ರಿಂದ ತಾಸು, 60ರಿಂದ ನಿಮಿಷ ಎಂದು ನಾನೇ ಭಾಗಿಸತೊಡಗಿದೆ.

ನನ್ನನ್ನು ಹೆಚ್ಚು ಕಾಡಿದ್ದು ಪೂರ್ಣಾಂಕ ಮಾಡುವ ಕ್ರಮ. 7180 ಸೆಕೆಂಡುಗಳಲ್ಲಿ ತಾಸನ್ನು ಮೊದಲು ತೆಗೆದು, ಉಳಿದದ್ದನ್ನು ಹತ್ತಿರದ ನಿಮಿಷಕ್ಕೆ ತಂದಾಗ ‘1 ತಾಸು 60 ನಿಮಿಷ’ ಎಂದು ಬಂತು. ಮೊದಲು ಇಡೀ ಅವಧಿಯನ್ನೇ 120 ನಿಮಿಷಕ್ಕೆ ತಂದು, ಆಮೇಲೆ ಭಾಗಲಬ್ಧ ಕೊಡುವ ಡಿವ್ ಮತ್ತು ಶೇಷ ಕೊಡುವ ಮಾಡ್‌ಗಳಿಂದ ಒಡೆದಾಗ ‘2 ತಾಸು’ ಎಂದು ಸರಿಯಾಯಿತು.

ಸೊನ್ನೆಯಾದ ಭಾಗಗಳನ್ನು ಕೈಬಿಡಲು, ಪ್ರತಿ ಅಂಕಿಯನ್ನೂ, ಸೊನ್ನೆಯನ್ನು ನಲ್ (ಬೆಲೆಯೇ ಇಲ್ಲದ ಸ್ಥಿತಿ) ಮಾಡುವ ನಲ್‌ಇಫ್‌ನಿಂದ ಸುತ್ತಿ, ಪಠ್ಯ ಬೆಸೆಯುವ ಕನ್ಕ್ಯಾಟ್‌ನಿಂದ ಅದರ ಪದಕ್ಕೆ ಜೋಡಿಸಿದೆ. ಒಂದು ನಲ್ ಇದ್ದರೂ ಕನ್ಕ್ಯಾಟ್‌ನ ಫಲ ನಲ್ ಆಗುತ್ತದೆ, ತುಂಡುಗಳನ್ನು ನಡುವೆ ಜಾಗ ಬಿಟ್ಟು ಒಂದುಗೂಡಿಸಲು ಬಳಸಿದ ಕನ್ಕ್ಯಾಟ್-ಡಬ್ಲ್ಯೂಎಸ್ ಅಂಥ ತುಂಡನ್ನು ದಾಟಿ ಮುಂದೆ ಹೋಗುತ್ತದೆ. ಇವೆರಡರ ಈ ವ್ಯತ್ಯಾಸದಿಂದಲೇ ‘3 ದಿನ 20 ನಿಮಿಷ’ ಎಂಬ ಪಠ್ಯ ಸರಾಗವಾಗಿ ಹೊರಬರುತ್ತದೆ. ಇಂಗ್ಲಿಷಿನಲ್ಲಾದರೆ ಏಕವಚನ, ಬಹುವಚನಗಳಿಗೆ ಕೇಸ್ (ಷರತ್ತಿಗೆ ತಕ್ಕ ಫಲ ಕೊಡುವ ಹೇಳಿಕೆ) ಬರೆಯಬೇಕಿತ್ತು. ‘1 ದಿನ’, ‘5 ದಿನ’ ಎಂದೇ ಹೇಳುವ ನಮ್ಮ ಭಾಷೆಯಲ್ಲಿ ಆ ತೊಡಕಿಲ್ಲ. ‘ಗಂಟೆ’ ಎನ್ನದೆ ‘ತಾಸು’ ಎಂದು ಬರೆದದ್ದು ನಾನು ತಿಳಿದೇ ಮಾಡಿದ ಆಯ್ಕೆ, ಏಕೆಂದರೆ ಇಲ್ಲಿ ಕೆಲಸವನ್ನು ಅಳೆಯುವುದು ತಾಸಿನಲ್ಲೇ.

ಮುಕ್ತಾಯದ ವೇಳೆ ಇನ್ನೂ ದಾಖಲಾಗದ ಸಾಲಿಗೂ, ಅರ್ಧ ನಿಮಿಷಕ್ಕಿಂತ ಕಡಿಮೆ ಅವಧಿಗೂ ಈ ವಿಧಾನ ಖಾಲಿ ಪಠ್ಯವನ್ನೇ ಕೊಡುತ್ತದೆ. ಆದ್ದರಿಂದ ಮೊದಲೇ ಒಂದು ಕೇಸ್ ಇಟ್ಟು, ಮೊದಲನೆಯದಕ್ಕೆ ‘ನಡೆಯುತ್ತಿದೆ’, ಎರಡನೆಯದಕ್ಕೆ ‘ಅರ್ಧ ನಿಮಿಷದೊಳಗೆ’ ಎಂದು ಬರೆಸುತ್ತೇನೆ. ಸೆಕೆಂಡುಗಳ ಕಾಲಂ ಅನ್ನು ಮಾತ್ರ ಅಳಿಸಿಲ್ಲ; ಪಠ್ಯದ ಮೇಲೆ ಆರ್ಡರ್ ಬೈ (ಸಾಲುಗಳನ್ನು ಕ್ರಮದಲ್ಲಿಡುವ ಆದೇಶ) ಹಾಕಿದರೆ ‘10 ತಾಸು’ ‘2 ತಾಸಿ’ಗಿಂತ ಮೊದಲು ಬರುವುದರಿಂದ, ವಿಂಗಡಣೆಯೂ ಸರಾಸರಿಯೂ ಆ ಕಾಲಂನಿಂದಲೇ ನಡೆಯುತ್ತವೆ.