ಹೊಸ ಹುಂಜ ತಂದೂ ಹಳೆಯ ಕೋಳಿಗಳನ್ನು ಉಳಿಸಿಕೊಂಡ ಬಗೆ

ಕೊಪ್ಪಳದ ಸಮೀಪ ನಮ್ಮ ಹಿತ್ತಲಿನಲ್ಲಿರುವ ನಾಟಿ ಕೋಳಿಗಳೆಲ್ಲವೂ ಒಂದೇ ಹುಂಜದ ಸಂತತಿಯಾಗಿದ್ದರಿಂದ, ಕಾವಿಗೆ ಇಟ್ಟ ಮೊಟ್ಟೆಗಳಲ್ಲಿ ಅರ್ಧದಷ್ಟು 21 ದಿನ ಕಳೆದರೂ ಒಡೆಯುತ್ತಿರಲಿಲ್ಲ. ಹುಂಜವನ್ನು ಬದಲಿಸಬೇಕಿತ್ತು, ಆದರೆ ಸಂತೆಯ ಹಕ್ಕಿಯೊಡನೆ ಕೋಳಿಗಳಿಗೆ ಅಂಟುವ ಕೊಕ್ಕರೆ ರೋಗವೂ (ರಾಣಿಖೇತ್) ಮನೆಗೆ ಬರಬಹುದು. ಹಸಿರು ಭೇದಿ, ಗೊರಗೊರ ಉಸಿರು, ತಿರುಚಿದ ಕುತ್ತಿಗೆ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.

ಆದುದರಿಂದ ಹೊಸ ಹುಂಜವನ್ನು ಹಿತ್ತಲಿನ ಇನ್ನೊಂದು ತುದಿಯಲ್ಲಿ, ಹಳೆಯ ಗೂಡಿನ ಕಡೆಗೆ ಗಾಳಿ ಬೀಸದ ಮಗ್ಗುಲಲ್ಲಿ ಇಟ್ಟು, ಅದಕ್ಕೆಂದೇ ಬೇರೆ ನೀರಿನ ಪಾತ್ರೆ, ಪೊರಕೆ, ಚಪ್ಪಲಿಗಳನ್ನು ಮೀಸಲಿಟ್ಟೆ. ಮೊದಲು ಹಳೆಯವುಗಳಿಗೆ ಕಾಳು ಹಾಕಿ, ಕೊನೆಗೆ ಅದರ ಬಳಿ ಹೋಗುತ್ತಿದ್ದೆ. ರೆಕ್ಕೆಯ ಅಡಿಯಲ್ಲಿ ಮತ್ತು ಗುದದ ಸುತ್ತಲಿನ ಪುಕ್ಕದ ಬುಡದಲ್ಲಿ ಬಿಳಿಯ ಸೀರುಗಳು ಅಂಟಿದ್ದವು. ಪಶುವೈದ್ಯರು ಹೇಳಿದ ಪುಡಿಯನ್ನು ಹಚ್ಚಿ, ಲಸಿಕೆಯನ್ನೂ ಹಾಕಿಸಿದೆ. ಮೂರು ವಾರಗಳಾದ ಮೇಲೂ ನೇರವಾಗಿ ಹಿಂಡಿಗೆ ಬಿಡದೆ, ನಮ್ಮದೊಂದು ಹೇಂಟೆಯನ್ನು ಮಾತ್ರ ಅದರ ಜೊತೆಗೆ ಇಟ್ಟು ನೋಡಿದೆ. ಈ ಪರೀಕ್ಷೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಅದೇ ಮುಖ್ಯವೆನಿಸುತ್ತದೆ, ಏಕೆಂದರೆ ಆರೋಗ್ಯವಾಗಿ ಕಾಣುವ ಹಕ್ಕಿಯೂ ರೋಗವನ್ನು ಹೊತ್ತಿರಬಹುದು.

ಎರಡು ಗೂಡುಗಳ ನಡುವೆ ನುಗ್ಗೆ, ಚೊಗಚೆ ಗಿಡಗಳನ್ನು ನೆಟ್ಟೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಹುಂಜದ ಫಲವತ್ತತೆಯೂ ಕುಗ್ಗುವುದರಿಂದ ಇಲ್ಲಿ ನೆರಳು ಅಲಂಕಾರವಲ್ಲ. ಕೆದಕುವ ಕಾಲುಗಳಿಂದ ಬೇರು ಉಳಿಯಲೆಂದು ಬುಡದ ಸುತ್ತ ಚಪ್ಪಟೆ ಕಲ್ಲುಗಳನ್ನು ಹಾಸಿದೆ. ಮುಂದಿನ ಕಾವಿನಲ್ಲಿ ಬಹುತೇಕ ಮೊಟ್ಟೆಗಳು ಒಡೆದವು. ಆ ಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆಯಾದ ಲಸೋಟಾ ಹನಿಯನ್ನು ಕಣ್ಣಿಗೆ ಹಾಕಿಸಿದ್ದೇನೆ.